ಹೆಬ್ಬಾಳದ ಶಿಲಾಕ್ಷರವೂ ಚೀಟಿಯಂತ್ರದ ಚುಕ್ಕಿಯಕ್ಷರವೂ

ಬೆಂಗಳೂರಿನ ಉತ್ತರಭಾಗದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗದೊರೆ ಶ್ರೀಪುರುಷನ ಆಳ್ವಿಕೆಗೆ ಸೇರಿದುದು. ಅದರ ಕಾಲವನ್ನು ಸುಮಾರು ಕ್ರಿ.ಶ. 750 ಎಂದು ಎಣಿಸಿದ್ದಾರೆ. ಕನ್ನಡಾಕ್ಷರದ ಇತಿಹಾಸವನ್ನು ಅರಿಯಲೆಳಸುವವರಿಗೆ ಈ ಶಿಲೆಯು ಒಂದು ಅಳತೆಗೋಲಾಗಿದೆ. ಕಲ್ಲನ್ನು ಕಂಡರಿಸಿದವನಿಗೆ ಒತ್ತಿಗೂ ಕೊಂಬಿಗೂ ಬೇಕಾದಷ್ಟು ಎಡೆಯನ್ನು ಬಿಡುವ ಸ್ವಾತಂತ್ರ್ಯವಿದ್ದಿತು. ಮುಂದಿನ ಸಾಧನಗಳಲ್ಲಿ ಆ ಎಡೆಯು ಹೇಗೆ ಕುಗ್ಗಿತು, ಹೇಗೆ ಮರಳಿತು ಎಂಬುದೇ ಪ್ರಕೃತ ವಿಷಯ.

ಕೇರಿಯ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ 1817ರಲ್ಲಿ ಅಚ್ಚಾಯಿತು. ಅಚ್ಚಿನ ಮೊಳೆಯು ಅಕ್ಷರವನ್ನು ಬಿಡಿಬಿಡಿಯಾಗಿಸಿದರೂ ಅದರ ಆಕಾರವನ್ನು ಕೆಡಿಸಲಿಲ್ಲ. ಚುಕ್ಕಿಗಳಿಂದ ಮುದ್ರಿಸುವ ಯಂತ್ರಗಳ ಸ್ಥಿತಿ ಬೇರೆ. ರೋಮನ್ ಲಿಪಿಗಾಗಿ ಹುಟ್ಟಿದ ಅವುಗಳಲ್ಲಿ ಅಡ್ಡಲಾಗಿ 5, ಉದ್ದವಾಗಿ 7 ಚುಕ್ಕಿಗಳ ಚೌಕಟ್ಟೇ ಬಹುಕಾಲ ರೂಢಿಯಲ್ಲಿದ್ದಿತು. ತಲೆಕಟ್ಟು, ಒಡಲು, ಒತ್ತು ಎಂಬ ಮೂರು ಅಂತಸ್ತುಗಳುಳ್ಳ ಕನ್ನಡಾಕ್ಷರವು 7 ಸಾಲುಗಳಲ್ಲಿ ಅಡಗಲಾರದು.

ಇಂದಿನ ಚೀಟಿ ಮುದ್ರಿಸುವ ಉಷ್ಣಯಂತ್ರಗಳಲ್ಲಿ ಮಿಲಿಮೀಟರಿಗೆ 8 ಚುಕ್ಕಿಗಳಿರುವುದು ಸಾಮಾನ್ಯ. ಬಳಕೆದಾರನು ತಾನೇ ಅಕ್ಷರವನ್ನು ರಚಿಸಿಕೊಳ್ಳಲು ಅವುಗಳಲ್ಲಿ ಹಲವು ಯಂತ್ರಗಳು 12 ಚುಕ್ಕಿ ಅಗಲ, 24 ಚುಕ್ಕಿ ಎತ್ತರದ ಮನೆಯನ್ನು, ಎಂದರೆ ಒಂದೂವರೆ ಮಿಲಿಮೀಟರು ಅಗಲ, ಮೂರು ಮಿಲಿಮೀಟರು ಎತ್ತರದ ಜಾಗವನ್ನು, ಒದಗಿಸುತ್ತವೆ. ಮೇಲಿನ 5 ಸಾಲುಗಳನ್ನು ತಲೆಕಟ್ಟಿಗೂ ಗುಡಿಸಿಗೂ, ನಡುವಣ 11ನ್ನು ಒಡಲಿಗೂ, ಕೆಳಗಿನ 8ನ್ನು ಒತ್ತಿಗೂ ಹಂಚಿದರೆ 'ಅಕ್ಕ' ಎಂಬ ಮಾತು ಓದಲು ಬರುವಂತಾಗುತ್ತದೆ. ಆದರೆ 'ಲಕ್ಷ್ಮಿ' ಎಂಬಲ್ಲಿ ಕಕಾರದ ಮೇಲೆ ಗುಡಿಸು, ಕೆಳಗೆ ಷಕಾರ ಮಕಾರಗಳೆರಡರ ಒತ್ತುಗಳು ಬರುವುದರಿಂದ ಒಂದು ಮನೆ ಸಾಲದು. ಪಕ್ಕದ ಮನೆಯನ್ನೂ ಸೇರಿಸಿಕೊಳ್ಳಬೇಕು.

ಇಲ್ಲಿ ಎರಡನೆಯ ತೊಡಕು ತಲೆದೋರುತ್ತದೆ. ಇಂಥ ಮನೆಗಳ ಸಂಖ್ಯೆ ಅನೇಕ ಯಂತ್ರಗಳಲ್ಲಿ 95 ಮಾತ್ರ. ಕನ್ನಡದ 34 ವ್ಯಂಜನಗಳಿಗೆ ಕಕಾರದಿಂದ ಕೌಕಾರದವರೆಗಿನ 13 ಗುಣಿತರೂಪಗಳನ್ನು ಕೂಡಿಸಿದರೆ, ಒತ್ತುಗಳನ್ನು ಎಣಿಸದೆಯೇ 442 ಆಗುತ್ತದೆ. ಆದುದರಿಂದ ಅಕ್ಷರವನ್ನು ತುಂಡುಗಳಾಗಿ ಒಡೆದು ಜೋಡಿಸಬೇಕು. ಇಲ್ಲವೆ ಇಡೀ ಸಾಲನ್ನೇ ಗಣಕದಲ್ಲಿ ಚಿತ್ರವಾಗಿ ಬಿಡಿಸಿ ಯಂತ್ರಕ್ಕೆ ಕಳುಹಿಸಬೇಕು. ಮೊದಲನೆಯದರಲ್ಲಿ ಒತ್ತು ತನ್ನ ನೆಲೆಯಿಂದ ಸರಿಯುವ ಭಯವುಂಟು. ಎರಡನೆಯದರಲ್ಲಿ ಅಕ್ಷರಕ್ಕೆ ಬೇಕಾದ ಎಡೆ ಮರಳಿ ದೊರೆಯುತ್ತದೆ.

ಒತ್ತು ಬಿದ್ದುಹೋದರೆ ಹೋಗುವುದು ಅಲಂಕಾರವಲ್ಲ, ಅರ್ಥ. 'ಹಳ್ಳಿ'ಯು 'ಹಳಿ'ಯಾದರೆ, 'ಅಕ್ಕಿ'ಯ ಚೀಟಿಯಲ್ಲಿ 'ಅಕಿ' ಎಂದು ಮೂಡಿದರೆ ಓದುಗನು ಊಹಿಸಿಕೊಳ್ಳಬೇಕಾಗುತ್ತದೆ. ಹೆಬ್ಬಾಳದ ಶಿಲೆಯ ಬರಹವು ಸಾವಿರದ ಇನ್ನೂರಕ್ಕೆ ಮೀರಿದ ವರ್ಷಗಳ ಮೇಲೆಯೂ ವಾಚನಕ್ಕೆ ದೊರೆತಿದೆ. ಸಾಧನವು ಲಿಪಿಗೆ ಅಧೀನವಾಗಿರಬೇಕಲ್ಲದೆ ಲಿಪಿಯು ಸಾಧನಕ್ಕಲ್ಲವೆಂಬುದು ಈ ಎರಡು ಬರಹಗಳ ಹೋಲಿಕೆಯಿಂದ ಸಿದ್ಧವಾಗುತ್ತದೆ.