ಅರದಿಂದ ಚಿಪ್‌ವರೆಗೆ: ಕಾರಿನ ಕೀ ನಡೆದು ಬಂದ ದಾರಿ

ನಮ್ಮಪ್ಪ ಬೆಂಗಳೂರಿನ ಜೆ.ಸಿ. ರಸ್ತೆಯ ಬದಿಯಲ್ಲಿ ಕೀ ಮಾಡಲು ಕೂತಾಗ ಅವರ ಬಳಿ ಇದ್ದದ್ದು ಒಂದು ವೈಸು, ನಾಲ್ಕಾರು ಅರಗಳು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲವದು. ಹಳೇ ಕೀಗೆ ಹೊಸದನ್ನು ಜೋಡಿಸಿ ಹಿಡಿದು ಹಲ್ಲು ಉಜ್ಜಿದರೆ ಬಾಗಿಲೂ ತೆರೆಯುತ್ತಿತ್ತು, ಎಂಜಿನ್ನೂ ಶುರುವಾಗುತ್ತಿತ್ತು. 1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಮಾಲೀಕರಿಗೆ ಕೊಟ್ಟದ್ದೂ ಬರೀ ಲೋಹದ ಕೀಯನ್ನೇ.

ಅದಕ್ಕೆ ಮೊದಲೇ, 1982ರಲ್ಲಿ, ಫ್ರಾನ್ಸಿನ ರೆನೊ ಕಂಪನಿ ತನ್ನ ಫ್ಯೂಗೊ ಕಾರಿಗೆ ರಿಮೋಟ್ ಲಾಕ್ ಅಳವಡಿಸಿತ್ತು. 1990ರ ದಶಕದಲ್ಲಿ ಕಳ್ಳತನ ತಡೆಯಲು ಯುರೋಪಿನ ಕಾರುಗಳಿಗೆ ಇಮೊಬಿಲೈಸರ್ ಬಂತು. ಇದರಲ್ಲಿ ಕೀ ತಲೆಯೊಳಗೆ ಪುಟ್ಟ ಚಿಪ್ ಇರುತ್ತದೆ; ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತಲಿನ ಕಾಯಿಲ್ ಅದಕ್ಕೆ ಶಕ್ತಿ ಕೊಟ್ಟು ಗುರುತು ಓದುತ್ತದೆ. ಗುರುತು ತಾಳೆಯಾಗದಿದ್ದರೆ ಎಂಜಿನ್ ಸ್ಟಾರ್ಟ್ ಆಗದು. ಅರವೊಂದೇ ಅನ್ನ ಹಾಕುವ ಕಾಲ ಅಲ್ಲಿಗೆ ಮುಗಿಯಿತು.

ಈಗ ನನ್ನ ಮೇಜಿನ ಮೇಲೆ ಮಲ್ಟಿಮೀಟರ್, ಸಾಲ್ಡರಿಂಗ್ ಐರನ್, ಪ್ರೋಗ್ರಾಮಿಂಗ್ ಯಂತ್ರ ಇವೆ. ಕೆಟ್ಟ ರಿಮೋಟ್ ಬಂದರೆ ಮೊದಲು ಸೆಲ್ ಅಳೆಯುತ್ತೇನೆ. ಹೆಚ್ಚಿನವುಗಳಲ್ಲಿ ಇರುವುದು 3 ವೋಲ್ಟಿನ ಬಟನ್ ಸೆಲ್. ಅದು ಸರಿಯಿದ್ದರೆ ಬೋರ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬಟನ್ನಿನ ಬೆಸುಗೆ ಬಿಟ್ಟಿದೆಯೇ ನೋಡುತ್ತೇನೆ. ಎಷ್ಟೋ ಸಲ ಒಂದು ಹನಿ ಸೀಸದಲ್ಲೇ ರಿಪೇರಿ ಮುಗಿಯುತ್ತದೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಕೀಯ ಕೇಸ್ ಒಡೆದರೆ ಹೊಸದು ಹಾಕಿಸಿ, ಆದರೆ ಹಳೆಯದನ್ನು ಎಸೆಯುವ ಮುನ್ನ ಒಳಗೆ ಚಿಪ್ ಉಳಿದಿದೆಯೇ ನೋಡಿ. ಒಂದು ಕೀ ಕಳೆದಾಗಲೇ ಇನ್ನೊಂದು ಮಾಡಿಸಿಕೊಳ್ಳಿ; ಎರಡೂ ಹೋದ ಮೇಲೆ ಖರ್ಚೂ ಹೆಚ್ಚು, ಅಲೆದಾಟವೂ ಹೆಚ್ಚು.