ಒಪ್ಪಿಗೆ ಮನೆಯವರದು, ಆಪರೇಷನ್ ಅವಳದು

1930ರ ಜೂನ್‌ನಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ತಾನೇ ಮುಂದೆ ನಿಂತು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲ. ಚಿಕಿತ್ಸಾಲಯಗಳು ಬಂದದ್ದು ಬೆಂಗಳೂರು, ಮೈಸೂರುಗಳಿಗೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ ಮೈಸೂರು ದೂರವೇನಲ್ಲ. ಆದರೆ ಸೊಸೆ ಬಂದು ವರ್ಷ ತುಂಬುವ ಮೊದಲೇ ಅಲ್ಲಿನ ನಿಮಿಷಾಂಬೆಯ ಗುಡಿಗೆ ಕರೆದೊಯ್ದು ಹರಕೆ ಹೊರಿಸುವ ಅತ್ತೆಯನ್ನು ದಾಟಿ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವವರು ಎಷ್ಟು ಜನ? ಹಳ್ಳಿಗಳ ಕುಟುಂಬ ಕಲ್ಯಾಣದ ಕಥೆಯನ್ನು ಈ ಅತ್ತೆಯ ಕಡೆಯಿಂದಲೂ ಓದಬೇಕು.

ಸ್ವಾತಂತ್ರ್ಯಾನಂತರದ ಮೊದಲ ಪ್ರಯೋಗಕ್ಕೂ ನಮ್ಮ ಸೀಮೆಯೇ ಸಿಕ್ಕಿತು. ಐವತ್ತರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಅಬ್ರಹಾಂ ಸ್ಟೋನ್, ರಾಮನಗರದ ಹೆಂಗಸರಿಗೆ ಬಣ್ಣದ ಮಣಿಸರ ಕೊಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡನಿಂದ ದೂರ. ದೀಪ ಆರಿದ ಮೇಲೆ ಹಸಿರು ಯಾವುದು, ಕೆಂಪು ಯಾವುದು? ಕೈಗೆ ಗೊತ್ತಾಗಲೆಂದು ಮಣಿಗಳ ಆಕಾರವನ್ನೇ ಬದಲಿಸಬೇಕಾಯಿತು. ಅಷ್ಟಾದರೂ ಯೋಜನೆ ಕೈಗೂಡಲಿಲ್ಲ. ತುಂಬಿದ ಮನೆಯಲ್ಲಿ ಮಣಿಸರ ಗುಟ್ಟಾಗಿ ಉಳಿಯುವುದಾದರೂ ಹೇಗೆ? ಸರ ಅವಳ ಕೈಯಲ್ಲಿತ್ತು, ರಾತ್ರಿ ಅವಳ ಕೈಯಲ್ಲಿರಲಿಲ್ಲ.

ಆಮೇಲೆ ಲೂಪು, ನಿರೋಧ್, ಕೆಂಪು ತ್ರಿಕೋನ, ಗುರಿ ಮುಟ್ಟಿಸುವ ಧಾವಂತ. ತುರ್ತುಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ ನಡೆದ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಲ್ಲಿ 62 ಲಕ್ಷ ಗಂಡಸರದು. ಆ ಬಲವಂತದ ಸಿಟ್ಟಿಗೆ ಸರ್ಕಾರವೇ ಬಿತ್ತು. ಇಲಾಖೆ ‘ಕುಟುಂಬ ಯೋಜನೆ’ಯ ಬೋರ್ಡು ಇಳಿಸಿ ‘ಕುಟುಂಬ ಕಲ್ಯಾಣ’ ಎಂದು ಬರೆಸಿತು. ಗಂಡಸರು ಆಪರೇಷನ್ ಮೇಜಿನಿಂದ ಎದ್ದು ಹೋದವರು ಮತ್ತೆ ಬರಲಿಲ್ಲ. ಲ್ಯಾಪರೋಸ್ಕೋಪಿ ಕ್ಯಾಂಪಿನ ಸಾಲಿನಲ್ಲಿ ಹೆಂಗಸರು ನಿಂತರು.

ಮನೆಯೊಳಗೆ ನಿಜಕ್ಕೂ ಏನು ನಡೆಯುತ್ತದೆಂದು ಕೂತು ಕೇಳಿದವರು ಕಡಿಮೆ. ಬೆಂಗಳೂರಿನ ಪಾಪ್ಯುಲೇಷನ್ ಸೆಂಟರ್‌ನ ಪಿ. ಎಚ್. ರೆಡ್ಡಿ, ಆಸ್ಟ್ರೇಲಿಯಾದ ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ ಆ ಕೆಲಸ ಮಾಡಿದರು. ಪ್ರಶ್ನಾವಳಿ ತುಂಬಿಸಿಕೊಂಡು ಬಸ್ಸು ಹತ್ತದೆ, ಕರ್ನಾಟಕದ ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ ಮಾತಾಡಿಸಿದರು. ಅವರ ಪುಸ್ತಕ 1988ರಲ್ಲಿ ಬಂತು. ಮದುವೆಯ ವಯಸ್ಸು ಏರಿದ್ದು, ಮಕ್ಕಳ ಓದಿನ ಖರ್ಚು ಬೆಳೆದದ್ದು, ಹಿರಿಯರ ಹಿಡಿತ ಸಡಿಲಾಗಿ ಗಂಡ-ಹೆಂಡಿರ ಮಾತಿಗೆ ಬೆಲೆ ಬಂದದ್ದು ಅವರಿಗೆ ಕಂಡಿತು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇಲ್ಲಿ ನಡೆದ ಅತಿ ಮುಖ್ಯ ಅಧ್ಯಯನ ಇದೇ. ಇಲಾಖೆಯ ‘ಅರ್ಹ ದಂಪತಿ’ ರಿಜಿಸ್ಟರ್‌ನಲ್ಲಿ ಇಬ್ಬರ ಹೆಸರಿದ್ದರೂ ತೀರ್ಮಾನಕ್ಕೆ ಕೂರುವವರು ಇಬ್ಬರೇ ಅಲ್ಲವಲ್ಲ.

1996ರಲ್ಲಿ ಗುರಿಗಳನ್ನು ಕೈಬಿಟ್ಟರು, 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆ ಬಂದಳು. ಅಂಕಿಗಳು ಮಾತ್ರ ಹಳೆಯ ಹಾದಿಯಲ್ಲೇ ಇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಪಾಲು ಸೊನ್ನೆಯ ಆಸುಪಾಸು. ಗರ್ಭನಿರೋಧ ಹೆಂಗಸರ ಕೆಲಸ, ತಮಗೇಕೆ ಆ ಚಿಂತೆ ಎಂದು ದೇಶದ ಮೂವರು ಗಂಡಸರಲ್ಲಿ ಒಬ್ಬ ಅದೇ ಸಮೀಕ್ಷೆಯಲ್ಲಿ ಹೇಳಿದ್ದಾನೆ.

‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಲೆಕ್ಕ ತಪ್ಪಿದಾಗ ಮನೆಯವರು ಹೇಗೆ ಒಂದಾಗುತ್ತಾರೆಂಬುದು 2023ರಲ್ಲಿ ಬಯಲಾಯಿತು. ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತು. ಮರುವರ್ಷ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಿಂದಲೇ ಭ್ರೂಣಹತ್ಯೆಯ ಆರೋಪ ಕೇಳಿಬಂತು. ಬಸುರಿ ಹೆಂಗಸು ಒಬ್ಬಳೇ ಆಲೆಮನೆ ಹುಡುಕಿಕೊಂಡು ಹೋಗುವುದಿಲ್ಲ. ಕರೆದೊಯ್ಯುವವರು, ದುಡ್ಡು ಹೊಂದಿಸುವವರು ಮನೆಯಲ್ಲೇ ಇರುತ್ತಾರೆ. ಇದನ್ನು ಬಲ್ಲ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ, ಅಂಥ ಪತ್ತೆಗೆ ಗಂಡ ಅಥವಾ ನೆಂಟರೇ ಅವಳನ್ನು ಬಲವಂತಪಡಿಸಿದರು ಎಂದು 24ನೇ ಸೆಕ್ಷನ್‌ನಲ್ಲಿ ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವರದು.