ದೂರದ ಓಟಗಾರರ ಕ್ರೀಡಾಯುಷ್ಯ ಮತ್ತು ಬಳಲಿಕೆ: ಚೌಗುಲೆಯವರಿಂದ ಬೆಂಗಳೂರಿನ ಶಿಬಿರದವರೆಗೆ

ಒಲಿಂಪಿಕ್ ಕೂಟದಲ್ಲಿ ಮ್ಯಾರಥಾನ್ ಓಡಿದ ಮೊದಲ ಭಾರತೀಯರಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಒಬ್ಬರು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ಕಂಡ ದೊರಾಬ್ಜಿ ಟಾಟಾ, ಮರುವರ್ಷ ಬೆಲ್ಜಿಯಂನ ಆಂಟ್ವರ್ಪ್‌ಗೆ ಭಾರತದ ತಂಡ ಹೋಗುವಂತೆ ಮಾಡಿದರು. ಆ ಸಲದ ಮ್ಯಾರಥಾನ್ ದೂರ 42.75 ಕಿ.ಮೀ.; ಒಲಿಂಪಿಕ್ ಚರಿತ್ರೆಯಲ್ಲೇ ಅತಿ ಉದ್ದದ್ದು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್.

ಇಬ್ಬರ ನಡುವಿನ ಹದಿನೆಂಟು ನಿಮಿಷಗಳ ಅಂತರಕ್ಕಿಂತ ಇಬ್ಬರ ಕ್ರೀಡಾಯುಷ್ಯದ ಅಂತರವೇ ಹೆಚ್ಚು ವಿಚಾರಕ್ಕೆ ಯೋಗ್ಯ. ಕೊಲೆಹ್ಮೈನೆನ್ 1912ರ ಸ್ಟಾಕ್‌ಹೋಮ್‌ನಲ್ಲೇ ಮೂರು ಚಿನ್ನ ಗೆದ್ದಿದ್ದವರು. ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿದ್ದು, ಕ್ರಮೇಣ ಟ್ರ್ಯಾಕಿನಿಂದ ರಸ್ತೆಯ ಓಟಕ್ಕೆ ಹೊರಳಿ, ಎಂಟು ವರ್ಷಗಳ ಬಳಿಕ ಮತ್ತೆ ಗೆದ್ದರು. ಚೌಗುಲೆಯವರ ಒಲಿಂಪಿಕ್ ಬದುಕು ಆಂಟ್ವರ್ಪ್‌ನಲ್ಲೇ ಮುಗಿಯಿತು. 1924ರ ಪ್ಯಾರಿಸ್‌ನಲ್ಲಿ ಭಾರತಕ್ಕಾಗಿ ಮ್ಯಾರಥಾನ್ ಓಡಿದವರು ಮಹಾದೇವ್ ಸಿಂಗ್. ಓಟವನ್ನು ನಂಬಿ ಬದುಕುವ ಏರ್ಪಾಡು ಅಂದಿನ ಭಾರತದಲ್ಲಿ ಇರಲಿಲ್ಲ. ಚೌಗುಲೆಯವರದನ್ನು ಬಳಲಿಕೆ ಎನ್ನಲಾಗದು. ಬೇರೂರುವ ಮೊದಲೇ ಆಸರೆ ತಪ್ಪಿದ ಸಾಮರ್ಥ್ಯ ಅದು.

ನಿಜವಾದ ಬಳಲಿಕೆ ಬೇರೆ. ಅತಿಯಾದ ದುಡಿಮೆಯಿಂದ ಮನಸ್ಸು ಬತ್ತಿಹೋಗುವ ಸ್ಥಿತಿಯನ್ನು ಮನೋವೈದ್ಯಕೀಯ ಬರಹಕ್ಕೆ ತಂದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, 1974ರಲ್ಲಿ. ಕ್ರೀಡಾಪಟುಗಳಲ್ಲಿ ಅದನ್ನು ಅಳೆಯಲು ರೇಡಿಕಿ ಮತ್ತು ಸ್ಮಿತ್ 2001ರಲ್ಲಿ ರೂಪಿಸಿದ ಪ್ರಶ್ನಾವಳಿ ಮೂರು ಲಕ್ಷಣಗಳನ್ನು ಹುಡುಕುತ್ತದೆ: ಮೈಮನಗಳೆರಡೂ ಸೋಲುವುದು, ಸಾಧಿಸಿದೆನೆಂಬ ಭಾವ ಕುಗ್ಗುವುದು, ಆಟದ ಮೇಲಿನ ಅಕ್ಕರೆಯೇ ಆರಿಹೋಗುವುದು. ಮೂರನೆಯದು ಓಟಗಾರನಿಗೆ ಅತ್ಯಂತ ಅಪಾಯಕಾರಿ. ಕಾಲುನೋವಿಗೆ ಔಷಧವಿದೆ, ಬೇಸರಕ್ಕೆ ಸುಲಭದ ಮದ್ದಿಲ್ಲ. ಇದರ ಮಗ್ಗುಲಲ್ಲೇ ದೇಹದ ಕಡೆಯಿಂದ ಬರುವ ಅತಿತರಬೇತಿಯ ತೊಂದರೆಯಿದೆ. ಕೆಲವು ದಿನಗಳ ವಿಶ್ರಾಂತಿಯಿಂದ ಸರಿಹೋಗುವ ದಣಿವು ತರಬೇತಿಯ ಭಾಗವೇ; ತಿಂಗಳುಗಟ್ಟಲೆ ವೇಗ ಮರಳದಿದ್ದರೆ ಅದು ಕಾಯಿಲೆ. ಓಡುವಷ್ಟು ಉಣ್ಣದಿದ್ದರೆ ಮುಟ್ಟು ನಿಲ್ಲುವುದು, ಮೂಳೆ ಸವೆಯುವುದು ಮುಂತಾದ ಪರಿಣಾಮಗಳನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಒಂದೇ ಲಕ್ಷಣಕೂಟವಾಗಿ ಗುರುತಿಸಿದರು.

ವಯಸ್ಸೊಂದೇ ಓಟಗಾರನನ್ನು ಮುಗಿಸುವುದಿಲ್ಲ. ಪೋರ್ಚುಗಲ್‌ನ ಕಾರ್ಲೋಸ್ ಲೋಪೆಸ್ 1984ರಲ್ಲಿ 37ರ ಪ್ರಾಯದಲ್ಲಿ, ರೊಮೇನಿಯಾದ ಕಾನ್‌ಸ್ಟಾಂಟಿನಾ ದಿತಾ 2008ರಲ್ಲಿ 38ರ ಪ್ರಾಯದಲ್ಲಿ ಒಲಿಂಪಿಕ್ ಮ್ಯಾರಥಾನ್ ಗೆದ್ದರು. ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2003ರಲ್ಲಿ 5,000 ಮೀಟರ್ ವಿಶ್ವ ಚಾಂಪಿಯನ್ ಆಗಿದ್ದವರು 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2:01:09ಕ್ಕೆ ಮುಗಿಸಿದರು. ವಯಸ್ಸಿನೊಂದಿಗೆ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಇಳಿದರೂ, ಕಡಿಮೆ ಶ್ರಮದಲ್ಲಿ ವೇಗ ಕಾಯ್ದುಕೊಳ್ಳುವ ಮಿತವ್ಯಯ ಬಹುಕಾಲ ಉಳಿಯುತ್ತದೆ. ಕಿಪ್‌ಚೋಗೆಯ ವಿಷಯದಲ್ಲಿ ಇನ್ನೂ ಎರಡು ಸಂಗತಿ ಗಮನಾರ್ಹ: ಉದ್ದಕ್ಕೂ ಒಬ್ಬರೇ ಗುರು, ಪ್ಯಾಟ್ರಿಕ್ ಸಾಂಗ್, ವರ್ಷಕ್ಕೆ ಸಾಮಾನ್ಯವಾಗಿ ಎರಡೇ ಮ್ಯಾರಥಾನ್.

ಭಾರತದಲ್ಲಿ ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳ ನೌಕರಿಯೇ ಆ ಬಗೆಯ ಸ್ಥಿರತೆ ಕೊಟ್ಟಿತು. ಸೇನೆಯಲ್ಲಿದ್ದ ಬಿಹಾರದ ಶಿವನಾಥ್ ಸಿಂಗ್ 1974ರ ಟೆಹರಾನ್ ಏಷ್ಯನ್ ಕ್ರೀಡೆಯಲ್ಲಿ 5,000 ಮೀಟರ್ ಗೆದ್ದು, 1976ರ ಮಾಂಟ್ರಿಯಲ್ ಮ್ಯಾರಥಾನ್‌ನಲ್ಲಿ 11ನೆಯವರಾದರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಓಡಿದ 2:12:00 ನಾಲ್ಕು ದಶಕ ಮೀರಿ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು. ಒಬ್ಬನ ಹಿರಿಮೆಯ ಜೊತೆಗೆ, ಅವರ ನಂತರ ಬಂದ ಹಲವರು ಪಕ್ವವಾಗುವ ಮೊದಲೇ ಬಿಟ್ಟುಹೋದದ್ದನ್ನೂ ಈ ದಾಖಲೆ ಹೇಳುತ್ತದೆ.

ಕರ್ನಾಟಕದ ಪಾತ್ರ ಬೆಳೆದದ್ದು ಶಿಬಿರಗಳ ಮೂಲಕ. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ದೂರದ ಓಟಗಾರರ ರಾಷ್ಟ್ರೀಯ ಶಿಬಿರಗಳಿಗೆ ನೆಲೆಯಾಯಿತು. ಎತ್ತರದ ತರಬೇತಿಗೆ ಗುಂಡ್ಲುಪೇಟೆ, ಬಂಡೀಪುರಗಳಾಚೆಯ ಊಟಿ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್. ತೆಳುಗಾಳಿಯಲ್ಲಿ ಕೆಂಪು ರಕ್ತಕಣ ಹೆಚ್ಚುತ್ತವೆ, ಆದರೆ ಕಬ್ಬಿಣಾಂಶ ಸಾಲದಿದ್ದರೆ, ವಿಶ್ರಾಂತಿ ಹೆಚ್ಚಿಸದಿದ್ದರೆ ಅದೇ ಗಾಳಿ ದಣಿವನ್ನು ಇಮ್ಮಡಿಸುತ್ತದೆ. ಬೆಲಾರಸ್‌ನ ಕೋಚ್ ನಿಕೊಲಾಯ್ ಸ್ನೆಸರೆವ್ ಅವರ ಕಠಿಣ ತರಬೇತಿ ದೇಶಕ್ಕೆ ಪದಕಗಳನ್ನು ತಂದಿತು. ಸುಧಾ ಸಿಂಗ್ 2010ರ ಏಷ್ಯನ್ ಕ್ರೀಡೆಯ ಸ್ಟೀಪಲ್‌ಚೇಸ್‌ನಲ್ಲಿ ಚಿನ್ನ, 2018ರಲ್ಲಿ ಅದೇ ಓಟದಲ್ಲಿ ಬೆಳ್ಳಿ ಗೆದ್ದರು. ಭಾರತೀಯ ಓಟಗಾರ್ತಿಯೊಬ್ಬರಿಗೆ ಇದು ಅಪರೂಪದ ಬಾಳಿಕೆ. ಒ.ಪಿ. ಜೈಶಾ ಏಷ್ಯನ್ ಕ್ರೀಡೆಗಳಲ್ಲಿ 2006ರಲ್ಲಿ 5,000 ಮೀಟರ್, 2014ರಲ್ಲಿ 1,500 ಮೀಟರ್ ಕಂಚು ಗೆದ್ದು, 2015ರಲ್ಲಿ ಮ್ಯಾರಥಾನ್‌ನಲ್ಲಿ 2:34:43ರ ರಾಷ್ಟ್ರೀಯ ದಾಖಲೆ ಬರೆದರು. ಮರುವರ್ಷ ರಿಯೊದ ಬಿಸಿಲಲ್ಲಿ 2:47:19ಕ್ಕೆ 89ನೆಯವರಾಗಿ ಗುರಿ ಮುಟ್ಟಿ ಕುಸಿದರು. ಶಿಬಿರ ಓಟಗಾರರನ್ನು ಏರಿಸುತ್ತದೆ ನಿಜ. ಆದರೆ ಯಾವಾಗ ಬಿಡುವು ಕೊಡಬೇಕೆಂಬ ನಿರ್ಧಾರದಲ್ಲಿ ಓಟಗಾರರ ಮಾತಿಗೂ ತೂಕ ಇರಬೇಕಿತ್ತು.

ಸಮಸ್ಯೆಯ ಬೇರು ಇನ್ನೂ ಕೆಳಗಿದೆ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರುಗಳ ಮಕ್ಕಳು ದೂರದ ಓಟಕ್ಕೆ ಬರುವುದು ಶಾಲಾ ಕ್ರೀಡಾಕೂಟದಿಂದ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಕೆಲವೇ ತಿಂಗಳಲ್ಲಿ ಹತ್ತಬೇಕು. ಚುರುಕಾದ ಹುಡುಗಿಯನ್ನು 800, 1,500, 3,000 ಮೀಟರ್ ಮೂರಕ್ಕೂ ನಿಲ್ಲಿಸುವ ಆಸೆ ಶಾಲೆಗೆ ಸಹಜ. ಬೆಳೆಯುವ ಮೂಳೆಗೆ, ರಕ್ತಹೀನತೆ ಸಾಮಾನ್ಯವಾಗಿರುವ ವಯಸ್ಸಿಗೆ ಅದು ಭಾರ.

ಇದಕ್ಕೆ ಪ್ರತಿಯಾಗಿ, ತಡವಾಗಿ ದೂರದ ಓಟಕ್ಕೆ ಬಂದವರ ಉದಾಹರಣೆಯೂ ಬೆಂಗಳೂರಿನಲ್ಲೇ ಇದೆ. ಹೆಪ್ಟಾಥ್ಲಾನ್ ಮತ್ತು ಲಾಂಗ್ ಜಂಪ್‌ನಲ್ಲಿ ದೇಶವನ್ನು ಪ್ರತಿನಿಧಿಸಿ 1997ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ರೀತ್ ಅಬ್ರಹಾಂ, ಸ್ಪರ್ಧಾತ್ಮಕ ಟ್ರ್ಯಾಕ್ ಬಿಟ್ಟ ನಂತರ ಮ್ಯಾರಥಾನ್‌ಗೆ ಹೊರಳಿ ಬಾಸ್ಟನ್, ಲಂಡನ್, ಬರ್ಲಿನ್, ಷಿಕಾಗೊ, ನ್ಯೂಯಾರ್ಕ್, ಟೋಕಿಯೊ ಆರನ್ನೂ ಪೂರೈಸಿದರು.